ಹೆಣ್ಣುಮಗಳು ಒಬ್ಳೇ ಹೊರದೇಶದಲ್ಲಿ ಇರೋದು, ಓಡಾಡೋದು ನಿಜಕ್ಕೂ ಎಷ್ಟು ಕಷ್ಟ?

ಜರ್ಮನಿಲಿ ಮಾಸ್ಟರ್ಸ್‌ಗೆ ಸೀಟ್ ಸಿಕ್ಕಿದೆ, ಮನೇಲಿ "ಒಬ್ಳೇ ಹೆಂಗಿರ್ತೀಯ, ರಾತ್ರಿ ಹೊತ್ತು ಓಡಾಡೋದು ಹೆಂಗೆ" ಅಂತ ಹೆದರ್ತಿದಾರೆ, ಅಲ್ಲಿ ಒಬ್ರೇ ಇರೋ ಹೆಣ್ಮಕ್ಕಳು ಇದ್ದಿದ್ದನ್ನ ಇದ್ದಂಗೆ ಹೇಳಿ ಅಂತ ಕೇಳಿದೀರ. ನಾನು ಅರಸೀಕೆರೆಯವಳು, ಹ್ಯಾನೋವರ್‌ಗೆ ಬಂದು ಐದನೇ ವರ್ಷ, ಮೊದ್ಲು ಓದು, ಈಗ ಕೆಲಸ, ಇರೋದು ಒಬ್ಳೇ. ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಬರೀತಿದೀನಿ.

ದುಡ್ಡಿನ ವಿಷಯ ನಿಮಗೆ ಗೊತ್ತೇ ಇರತ್ತೆ, ಬ್ಲಾಕ್ಡ್ ಅಕೌಂಟಲ್ಲಿ (ವೀಸಾಗೆ ಅಂತ ಒಂದು ವರ್ಷದ ಖರ್ಚು ಮೊದಲೇ ತುಂಬಿಸಿ ತೋರಿಸೋ ಖಾತೆ) 11,904 ಯೂರೋ ಇಟ್ಟು ತಿಂಗಳಿಗೆ 992ರ ಲೆಕ್ಕದಲ್ಲಿ ತಗೊಳ್ಳೋದು, ಇನ್ಶೂರೆನ್ಸು, ಇವೆಲ್ಲ ಗಂಡಸರಿಗೂ ಒಂದೇ. ಇದನ್ನ ಬಿಡ್ತೀನಿ.

ಮೊದಲ ತಲೆನೋವು ಮನೆ. ನಾನು ಅರವತ್ತಕ್ಕೂ ಜಾಸ್ತಿ ರೂಮಿಗೆ ಮೆಸೇಜ್ ಹಾಕಿದೀನಿ, ಉತ್ತರ ಬಂದಿದ್ದು ಹತ್ತೋ ಹನ್ನೊಂದೋ. ಅದ್ರಲ್ಲಿ ಒಬ್ಬ "ನಾನು ಲಂಡನ್‌ನಲ್ಲಿದೀನಿ, ಎರಡು ತಿಂಗಳ ಡೆಪಾಸಿಟ್ ಕಳ್ಸಿ, ಕೀ ಕೊರಿಯರ್ ಮಾಡ್ತೀನಿ" ಅಂದ, ಇದು ಹಳೇ ಟೋಪಿ, ಬೀಳ್ಬೇಡಿ. ಇನ್ನೊಬ್ಬ ನಿಜವಾದ ಮನುಷ್ಯನೇ, ಮನೇನೂ ನಿಜವೇ, ಸುತ್ತಮುತ್ತ ಎಲ್ಲ ನಾನೂರರ ಮೇಲಿದ್ರೆ ಇವ್ನದ್ದು ಬರೀ 250 ಯೂರೋ. ಹೋದೆ. ಒಳಗೆ ಕೂರ್ಸಿ ಟೀ ಕೊಟ್ಟು, "ಬಾಡಿಗೆ ಏನು ದೊಡ್ಡದಲ್ಲ, ನಮ್ಮಿಬ್ಬರಿಗೆ ಹೊಂದಿಕೊಂಡ್ರೆ ಅದನ್ನೂ ಕಮ್ಮಿ ಮಾಡ್ಬಹುದು" ಅಂತ ನಗ್ತಾ ಹೇಳ್ದ. ಅಷ್ಟೇ. ಮುಟ್ಲಿಲ್ಲ, ಇನ್ನೇನೂ ಮಾಡ್ಲಿಲ್ಲ. ನಾನು ಟೀ ಅರ್ಧಕ್ಕೇ ಬಿಟ್ಟು, ಫ್ರೆಂಡ್ ಕೆಳಗೆ ಕಾಯ್ತಿದಾಳೆ ಅಂತ ಸುಳ್ಳು ಹೇಳಿ ಎದ್ದೆ, ಮೆಟ್ಲು ಇಳೀವಾಗ ಹೊಳೀತು, ಕೆಳಗೆ ಯಾರೂ ಇಲ್ಲ ಅನ್ನೋದಿರ್ಲಿ, ನಾನು ಆ ಅಡ್ರೆಸ್‌ಗೆ ಬಂದಿದೀನಿ ಅಂತ ಈ ಭೂಮಿ ಮೇಲೆ ಒಬ್ರಿಗೂ ಗೊತ್ತಿಲ್ಲ. ಅವತ್ತಿಂದ ರೂಮ್ ನೋಡೋಕೆ ಹೋಗೋವಾಗ ಲೈವ್ ಲೊಕೇಶನ್ ಯಾರಿಗಾದ್ರೂ ಕಳ್ಸದೆ ಕಾಲಿಂಗ್ ಬೆಲ್ ಒತ್ತಿಲ್ಲ.

ಮನೆ ಬಗ್ಗೆ ಕಾನೂನು ಒಂದೆರಡು ತಲೇಲಿರ್ಲಿ. ಡೆಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ (ಹೀಟಿಂಗ್ ಗೀಟಿಂಗ್ ಬಿಟ್ಟು ಬರೀ ಮನೆ ಬಾಡಿಗೆ) ಜಾಸ್ತಿ ಕೇಳೋ ಹಂಗಿಲ್ಲ. ಮನೆಗೆ ಹೋದ ಎರಡು ವಾರದೊಳಗೆ ಊರಿನ ಆಫೀಸಲ್ಲಿ ಅಡ್ರೆಸ್ ರಿಜಿಸ್ಟರ್ ಮಾಡಿಸ್ಬೇಕು, ಅದನ್ನ ಆನ್‌ಮೆಲ್ಡುಂಗ್ ಅಂತಾರೆ, ಅದಕ್ಕೆ ಓನರ್ ಸೈನ್ ಮಾಡಿದ ಕಾಗದ ಬೇಕು. "ರೂಮ್ ಕೊಡ್ತೀನಿ, ಆನ್‌ಮೆಲ್ಡುಂಗ್ ಆಗಲ್ಲ" ಅನ್ನೋರ ಸಹವಾಸ ಬೇಡ್ವೇ ಬೇಡ, ಆ ಕಾಗದ ಇಲ್ದಿದ್ರೆ ಮುಂದಿನ ಕೆಲಸ ಎಲ್ಲ ನಿಂತೋಗತ್ತೆ.

ಇಲ್ಲಿ ಬೆಲ್ ಮೇಲೆ ಮನೆ ನಂಬರ್ ಇರಲ್ಲ, ಸರ್ನೇಮ್ ಇರತ್ತೆ. ನಮ್ಮ ಕಡೆ ಸರ್ನೇಮ್ ಎಲ್ಲಿಂದ ಬರ್ಬೇಕು? ಪಾಸ್‌ಪೋರ್ಟಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಹಾಕ್ಸಿದ್ದೆ, ಹಾಗಾಗಿ ಬೆಲ್ ಮೇಲೆ, ಲೆಟರ್ ಬಾಕ್ಸ್ ಮೇಲೆ ನಮ್ಮಪ್ಪ ಇದಾರೆ, ಡಾಕ್ಟರ್ ಹತ್ರ ಹೋದ್ರೆ "ಫ್ರಾವ್" ಅಂತ ಸೇರ್ಸಿ ಅಪ್ಪನ ಹೆಸರು ಕೂಗ್ತಾರೆ, ಅಂದ್ರೆ ನಾನಿಲ್ಲಿ ಶ್ರೀಮತಿ ಅಪ್ಪ. ಒಂದು ಲಾಭ ಏನಂದ್ರೆ ಒಳಗೆ ಒಬ್ಳೇ ಹುಡುಗಿ ಇದಾಳೆ ಅಂತ ಬೆಲ್ ನೋಡಿ ಗೊತ್ತಾಗಲ್ಲ. ಇದನ್ನ ಕೇಳಿ ಅಪ್ಪಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಬೀದಿಗೆಲ್ಲ ಹೇಳ್ಕೊಂಡು ಬಂದ್ರು.

ಈಗ ರಾತ್ರಿ ವಿಷಯಕ್ಕೆ ಬರ್ತೀನಿ. ನಾನು ಜಂಕ್ಷನ್ ಊರಲ್ಲಿ ಬೆಳೆದವಳು, ನಡುರಾತ್ರಿ ರೈಲು ಇಳಿಯೋದು ಹೊಸದೇನಲ್ಲ. ಅರಸೀಕೆರೇಲಿ ರಾತ್ರಿ ಒಂದು ಗಂಟೇಲೂ ಟೀ ಮಾರೋನು ಇರ್ತಾನೆ, ಗಂಟುಮೂಟೆ ತಲೆದಿಂಬು ಮಾಡ್ಕೊಂಡು ಮಲಗಿರೋ ಸಂಸಾರ ಇರತ್ತೆ, ಅವ್ರ ಪಕ್ಕ ಹೋಗಿ ಕೂತ್ರೆ ಮುಗೀತು. ನಮ್ಮೂರಲ್ಲಿ ಕಾಟ ಇರೋದು ರಶ್ಶಿನ ಬಸ್ಸಲ್ಲಿ. ಇಲ್ಲಿ ತಿರುಗಾಮುರುಗಾ, ಜನ ಇದ್ದ ಕಡೆ ನೆಮ್ಮದಿ, ಭಯ ಆಗೋದು ಯಾರೂ ಇಲ್ಲದ ಕಡೆ.

ಮೊದಲನೇ ವರ್ಷ ಡಿಸೆಂಬರ್‌ನಲ್ಲಿ ಗೊಟ್ಟಿಂಗೆನ್‌ನಿಂದ ವಾಪಸ್ ಬರ್ತಿದ್ದೆ, ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಹ್ಯಾನೋವರ್ ಮುಟ್ಬೇಕಿತ್ತು. ಹನ್ನೆರಡೂ ಹತ್ತಕ್ಕೆ ಮಧ್ಯದಲ್ಲಿ ಯಾವ್ದೋ ಸಣ್ಣ ಸ್ಟೇಷನಲ್ಲಿ ರೈಲು ನಿಂತು, ಮುಂದೆ ಹೋಗಲ್ಲ ಎಲ್ರೂ ಇಳೀರಿ ಅಂತ ಜರ್ಮನ್‌ನಲ್ಲಿ ಏನೋ ಅನೌನ್ಸ್ ಮಾಡಿದ್ರು, ಬೇರೆಯವ್ರು ಎದ್ದಿದ್ದು ನೋಡಿ ನಾನೂ ಇಳಿದೆ. ಇಳಿದ ಐದು ಜನದಲ್ಲಿ ಮೂರು ಜನಕ್ಕೆ ಕಾರ್ ಬಂತು. ಸ್ಟೇಷನ್ ಅಂದ್ರೆ ಒಂದು ಪ್ಲಾಟ್‌ಫಾರ್ಮು, ಒಂದು ಟಿಕೆಟ್ ಮೆಷಿನ್, ಮೂರು ಕಡೆ ಗಾಜಿನ ಗೋಡೆ ಇರೋ ಒಂದು ಶೆಲ್ಟರು. ಸ್ಟೇಷನ್ ಮಾಸ್ಟರ್ ಇಲ್ಲ, ಪೊಲೀಸ್ ಇಲ್ಲ, ಒಂದು ನಾಯಿನೂ ಇಲ್ಲ. ನಾನು, ಮತ್ತೆ ಬಿಯರ್ ಕ್ಯಾನ್ ಹಿಡ್ಕೊಂಡು ಆ ತುದಿಯಿಂದ ಈ ತುದಿಗೆ ಓಡಾಡ್ತಿದ್ದ ಒಬ್ಬ ಗಂಡಸು.

ಅಮ್ಮಂಗೆ ಫೋನ್ ಮಾಡ್ದೆ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಊರಲ್ಲಿ ಆಗ ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಗಂಡನ ಜೊತೆ ಜಗಳ ಆಡೋ ಥರ ಗಟ್ಟಿ ದನಿಲಿ "ಎಲ್ಲಿದೀಯ, ಎಷ್ಟು ಹೊತ್ತು, ಬೇಗ ಕಾರ್ ತಗೊಂಡು ಬಾ" ಅಂತ ಕನ್ನಡದಲ್ಲೇ ಕಿರುಚಿದೆ. ಅಮ್ಮ ನಿದ್ದೆಗಣ್ಣಲ್ಲಿ "ಯಾವ ಕಾರೇ, ಯಾರ್ ಕಾರು" ಅಂತಿದಾಳೆ. ಸ್ವಲ್ಪ ಹೊತ್ತಾದ್ಮೇಲೆ ಅವನು ದೂರದಲ್ಲೇ ನಿಂತು, ಟ್ಯಾಕ್ಸಿ ಕರೆಸ್ತಿದೀನಿ, ಹ್ಯಾನೋವರ್‌ಗೇ ಹೋಗ್ತಿರೋದು, ದುಡ್ಡು ಅರ್ಧರ್ಧ ಹಾಕೋಣ್ವಾ ಅಂತ ಇಂಗ್ಲಿಷಲ್ಲಿ ಕೇಳ್ದ. ಬೇಡ ಅಂದೆ. ಅವನು ಹೋದ. ನಾನು ಬೆಳಗಿನ ಮೊದಲ ರೈಲು ಬರೋವರೆಗೂ ಆ ಗಾಜಿನ ಗೂಡಲ್ಲಿ, ಬ್ಯಾಗಲ್ಲಿದ್ದ ಎರಡೂ ಸ್ವೆಟರ್ ಹಾಕ್ಕೊಂಡು, ಕಾಲು ಮರಗಟ್ಟಿ ಕೂತಿದ್ದೆ.

ಅವನು ಪಾಪ ಒಳ್ಳೆಯವ್ನೇ ಇರ್ಬಹುದು. ಗೊತ್ತಾಗೋ ದಾರಿನೇ ಇಲ್ಲ ಅಲ್ವಾ. ಒಬ್ಳೇ ಇದ್ದಾಗ ಪ್ರತಿ ಸಲ ಕೆಟ್ಟದ್ದೇ ಆಗತ್ತೆ ಅಂತ ಲೆಕ್ಕ ಹಾಕಿ ಬೇಡ ಅನ್ಬೇಕಾಗತ್ತೆ, ಆ "ಬೇಡ" ಅಂದಿದ್ದರ ಖರ್ಚು ನಾವೇ ಕಟ್ತೀವಿ, ಚಳಿಲೋ, ದುಡ್ಡಲ್ಲೋ, ನಿದ್ದೆಲೋ. ಇನ್ನೂ ಹೊಟ್ಟೆ ಉರಿಯೋ ವಿಷಯ ಆಮೇಲೆ ಗೊತ್ತಾಯ್ತು: ರಾತ್ರಿ ಹನ್ನೆರಡರಿಂದ ಐದರ ಒಳಗೆ ಊರು ತಲುಪ್ಬೇಕಾದ ರೈಲು ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಲೇಟ್ ಆಗತ್ತೆ ಅಂತಾದ್ರೆ, ರೈಲಿನವ್ರು ಬೇರೆ ವ್ಯವಸ್ಥೆ ಮಾಡದೇ ಇದ್ರೆ ಟ್ಯಾಕ್ಸಿ ಮಾಡ್ಕೊಂಡು 120 ಯೂರೋವರೆಗೆ ವಾಪಸ್ ಕೇಳ್ಬಹುದು. ಬಿಲ್ ಇಟ್ಕೊಳ್ಳಿ. ನಂಗೆ ಅವತ್ತು ಇದು ಗೊತ್ತಿದ್ದಿದ್ರೆ ಒಬ್ಳೇ ಟ್ಯಾಕ್ಸಿಲಿ ರಾಣಿ ಥರ ಬರ್ತಿದ್ದೆ.

ನಂಬರ್‌ಗಳು ಬರ್ಕೊಳ್ಳಿ. ಪೊಲೀಸ್ 110, ಆಂಬ್ಯುಲೆನ್ಸ್ ಮತ್ತೆ ಫೈರ್ 112. ರಾತ್ರಿ ಅಥವಾ ಭಾನುವಾರ ಜ್ವರ ಗಿರ ಬಂದು ಡಾಕ್ಟರ್ ಬೇಕು, ಆದ್ರೆ ಪ್ರಾಣಕ್ಕೇನೂ ಇಲ್ಲ ಅಂದ್ರೆ 116117. ಗಂಡಸಿನಿಂದ ಕಿರುಕುಳ, ಹೊಡೆತ, ಹಿಂದೆ ಬೀಳೋದು ಇಂಥದ್ದಕ್ಕೆ 116016, ಹೆಂಗಸರಿಗೇ ಇರೋ ಸಹಾಯವಾಣಿ, ಇಪ್ಪತ್ನಾಲ್ಕು ಗಂಟೆ, ಫ್ರೀ, ಇಂಗ್ಲಿಷಲ್ಲೂ ಮಾತಾಡ್ತಾರೆ. ಇನ್ನು ಪಬ್ಬು ಗಿಬ್ಬಿಗೆ ಹೋದ್ರೆ ಲೇಡೀಸ್ ಟಾಯ್ಲೆಟ್ ಬಾಗಿಲ ಮೇಲೆ "ಲುಯಿಸಾ ಇದಾಳಾ" ಅನ್ನೋ ಪೋಸ್ಟರ್ ಕಾಣ್ಸತ್ತೆ, 2016ರ ಕೊನೇಲಿ ಮ್ಯೂನ್ಸ್ಟರ್ ಊರಲ್ಲಿ ಶುರುವಾಗಿದ್ದು, ಕೌಂಟರ್‌ನಲ್ಲಿ ಆ ಪ್ರಶ್ನೆ ಕೇಳಿದ್ರೆ ಸಾಕು, ಏನಾಯ್ತು ಯಾಕಾಯ್ತು ಅಂತ ಕೆದಕದೆ ಪಕ್ಕಕ್ಕೆ ಕರ್ಕೊಂಡು ಹೋಗಿ ಟ್ಯಾಕ್ಸಿನೋ ಏನೋ ವ್ಯವಸ್ಥೆ ಮಾಡ್ತಾರೆ.

ಟೂರ್ ಹೋಗೋದು ಇದಕ್ಕೆ ಹೋಲಿಸಿದ್ರೆ ಸುಲಭ. ನಿಮ್ಮ ರೆಸಿಡೆನ್ಸ್ ಪರ್ಮಿಟ್ ಇದ್ರೆ ಬೇರೆ ಷೆಂಗೆನ್ ದೇಶಗಳಲ್ಲೂ (ಒಂದೇ ವೀಸಾ ನಡೆಯೋ ಯೂರೋಪಿನ ದೇಶಗಳು) 180 ದಿನಕ್ಕೆ 90 ದಿನ ಓಡಾಡ್ಬಹುದು, ಲಂಡನ್‌ಗೆ ಆದ್ರೆ ಬೇರೆ ವೀಸಾ ಬೇಕು. ನಾನು ವಿಯೆನ್ನಾಗೆ ನೈಟ್‌ಜೆಟ್ ಅನ್ನೋ ರಾತ್ರಿ ರೈಲಲ್ಲಿ ಹೋದೆ, ಅದ್ರಲ್ಲಿ ಬುಕ್ ಮಾಡೋವಾಗಲೇ ಹೆಂಗಸರ ಕಂಪಾರ್ಟ್‌ಮೆಂಟ್ ಕೇಳ್ಬಹುದು, ಒಳಗಿಂದ ಚಿಲಕ ಹಾಕ್ಕೊಂಡು ಚೆನ್ನಾಗಿ ನಿದ್ದೆ ಮಾಡ್ದೆ. ಕಷ್ಟ ಅನ್ನಿಸಿದ್ದು ಸಣ್ಣ ಸಣ್ಣದು. ಸ್ಟೇಷನ್ ಟಾಯ್ಲೆಟ್‌ಗೆ ಒಂದು ಯೂರೋ ಹಾಕಿ, ಆ ತಿರುಗೋ ಗೇಟಲ್ಲಿ ಸೂಟ್‌ಕೇಸ್ ತಲೆ ಮೇಲೆತ್ತಿ, ಒಳಗೆ ಹೋಗಿ ಬಾಗಿಲು ಹಾಕೋಕೆ ಜಾಗ ಇಲ್ದೆ ಸೂಟ್‌ಕೇಸ್ ಮೇಲೆ ಕಾಲಿಟ್ಟು ನಿಂತಾಗ ಅನ್ಸತ್ತೆ, ನಮ್ಮೂರಾಗಿದ್ರೆ ಪಕ್ಕದಲ್ಲಿ ಕೂತಿರೋ ಹೆಂಗಸಿಗೆ "ಸ್ವಲ್ಪ ನೋಡ್ಕೊಳ್ರೀ" ಅಂತ ಹೇಳಿ ಹೋಗ್ತಿದ್ದೆ ಅಂತ. ಇಲ್ಲಿ ಹಾಗೆ ಬಿಟ್ಟು ಹೋದ್ರೆ ಒಂದೋ ಕಳ್ಳ ತಗೊಂಡೋಗ್ತಾನೆ, ಇಲ್ಲ ಬಾಂಬ್ ಅಂತ ಪೊಲೀಸ್ ಬರ್ತಾರೆ.

ಅಂತೂ ನಮ್ಮನೆಯವ್ರು ಹೆದರಿದ್ದ ಗಂಡಸರ ಕಾಟ ಐದು ವರ್ಷದಲ್ಲಿ ಬೆರಳಲ್ಲಿ ಎಣಿಸೋಷ್ಟು. ನನ್ನ ಸುಸ್ತು ಮಾಡಿದ್ದು "ನೋಡ್ಕೊಳ್ರೀ" ಅನ್ನೋಕೆ ಎರಡನೇ ಮನುಷ್ಯ ಇಲ್ಲದೇ ಇರೋದು. ಇಲ್ಲಿನ ಮನೆ ಬಾಗಿಲಿಗೆ ಹೊರಗಡೆ ಹಿಡಿ ತಿರುಗಲ್ಲ, ಎಳ್ಕೊಂಡ್ರೆ ಲಾಕ್. ಕಸ ಹಾಕೋಕೆ ಚಪ್ಪಲೀಲಿ ಕೆಳಗೆ ಹೋಗಿ ಬಂದ್ರೆ ಕೀ ಒಳಗೆ. ಸಂಸಾರ ಇದ್ರೆ ಬೆಲ್ ಒತ್ತಿದ್ರಾಯ್ತು, ಒಬ್ಳೇ ಆದ್ರೆ ಯಾರು ತೆಗೀಬೇಕು? ಭಾನುವಾರ ಸಂಜೆ ಬೀಗ ತೆಗೆಯೋನು ಬಂದು ಎರಡು ನಿಮಿಷದ ಕೆಲಸಕ್ಕೆ ನನ್ನ ಹತ್ರ 280 ಯೂರೋ ತಗೊಂಡ.

ಆಮೇಲೆ ಕೈ ಮುರೀತು. ಹೋದ ವರ್ಷ ಜನವರಿ, ಬೆಳಗ್ಗೆ ಟ್ರಾಮ್ ಹಿಡಿಯೋಕೆ ಓಡ್ತಿದ್ದೆ, ರಸ್ತೆ ಒದ್ದೆ ಇದೆ ಅನ್ಕೊಂಡೆ, ಅದು ನೀರಲ್ಲ, ಕಣ್ಣಿಗೆ ಕಾಣದ ತೆಳ್ಳನೆ ಐಸು. ಬಲಗೈ ಊರಿ ಬಿದ್ದೆ, ಮಣಿಕಟ್ಟು ಹೋಯ್ತು. ಆಸ್ಪತ್ರೇಲಿ ಐದು ಗಂಟೆ ಕಾದು ಪ್ಲಾಸ್ಟರ್ ಹಾಕಿಸ್ಕೊಂಡೆ, ಇನ್ಶೂರೆನ್ಸ್ ಇದ್ದಿದ್ರಿಂದ ಪೈಸೆ ಖರ್ಚಿಲ್ಲ. ಹೊರಡೋವಾಗ ನರ್ಸ್ "ಕರ್ಕೊಂಡು ಹೋಗೋಕೆ ಯಾರು ಬರ್ತಾರೆ" ಅಂತ ಕೇಳಿದ್ಳು. "ಟ್ರಾಮ್ ಬರತ್ತೆ" ಅಂದೆ. ಅವಳು ನಗ್ಲಿಲ್ಲ. ತುರ್ತಿಗೆ ಫೋನ್ ಮಾಡೋರು ಅನ್ನೋ ಜಾಗದಲ್ಲಿ ನಾನು ಬರೆದಿದ್ದು ಮೂರು ವರ್ಷದ ಹಿಂದೆ ಊರು ಬಿಟ್ಟು ಹೋಗಿದ್ದ ರೂಮ್‌ಮೇಟ್ ಹೆಸರು.

ಒಂದೇ ಕೈಲಿ, ಅದೂ ಎಡಗೈಲಿ, ಏನೇನು ಆಗಲ್ಲ ಗೊತ್ತಾ? ಕುಕ್ಕರ್ ಮುಚ್ಚಳ ತಿರುಗಿಸೋಕಾಗಲ್ಲ. ಈರುಳ್ಳಿ ಹೆಚ್ಚೋಕಾಗಲ್ಲ. ಬ್ರಾ ಹುಕ್ ಹಾಕೋಕಾಗಲ್ಲ. ಜಡೆ ಹಾಕೋಕಾಗಲ್ಲ, ನಂಗೆ ಸೊಂಟದ ತನಕ ಕೂದ್ಲು, ನಾಲ್ಕು ದಿನಕ್ಕೆ ಜಟೆ ಥರ ಆಯ್ತು. ಅಮ್ಮಂಗೆ ಹೇಳ್ಲಿಲ್ಲ. ವೀಡಿಯೋ ಕಾಲಲ್ಲಿ ಪ್ಲಾಸ್ಟರ್ ಕಾಣದಂಗೆ ಮೊಬೈಲ್ ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡ್ತಿದ್ದೆ, ಒಂಬತ್ತು ದಿನ ನಡೀತು. ಹತ್ತನೇ ದಿನ ಮರೆತು ಊಟ ಮಾಡ್ತಾ ಮಾತಾಡ್ತಿದ್ದೆ. "ಯಾಕೆ ಎಡಗೈಲಿ ತಿಂತಿದೀಯ" ಅಂದ್ಳು. ಅಷ್ಟೇ, ಮುಗೀತು ನನ್ನ ಕತೆ. ಬೈದ್ಳು, ಅತ್ತಳು, ಆಮೇಲೆ ಕಣ್ಣೊರೆಸ್ಕೊಂಡು ಕೇಳಿದ್ದು "ಮತ್ತೆ ಜಡೆ ಯಾರು ಹಾಕಿದ್ರು?"

ಜಡೆ ಹಾಕಿದ್ದು ಇಲ್ಲಿನ ಕನ್ನಡದವ್ರ ವಾಟ್ಸಾಪ್ ಗ್ರೂಪಿನ ಒಬ್ರು ಆಂಟಿ. ಆ ಗ್ರೂಪನ್ನ ನಾನು ಎರಡು ವರ್ಷದಿಂದ ಮ್ಯೂಟ್ ಮಾಡಿಟ್ಟಿದ್ದೆ, ಯುಗಾದಿಗೆ ಹೋದ್ರೂ ದೀಪಾವಳಿಗೆ ಹೋದ್ರೂ ಮದುವೆ ಯಾವಾಗ ಅನ್ನೋದು ಬಿಟ್ಟು ಬೇರೆ ಮಾತಿಲ್ಲ ಅಂತ. ಐದನೇ ದಿನ ನಾಚಿಕೆ ಬಿಟ್ಟು ಮೆಸೇಜ್ ಹಾಕ್ದೆ. ಅವ್ರು ಇದೇ ಊರಿನ ಲಿಂಡನ್ ಅನ್ನೋ ಏರಿಯಾದಿಂದ ಟ್ರಾಮ್ ಹತ್ತಿ, ಬಿಸಿಬೇಳೆಬಾತ್ ಡಬ್ಬ, ಕೊಬ್ಬರಿ ಎಣ್ಣೆ ತಗೊಂಡು ಬಂದು, ನನ್ನ ನೆಲದ ಮೇಲೆ ಕೂರ್ಸಿ ಹಣೆ ಚರ್ಮ ಎಳೆಯೋ ಹಂಗೆ ಬಿಗಿಯಾಗಿ ಹೆಣೆದ್ರು. ಹೆಣೀತಾ ಮದುವೆ ಯಾವಾಗ ಅಂತಲೂ ಕೇಳಿದ್ರು, ಕೂದ್ಲು ಅವ್ರ ಕೈಲಿತ್ತು, ಎದ್ದು ಓಡೋಕೂ ಆಗ್ಲಿಲ್ಲ. ಆರು ವಾರ, ದಿನ ಬಿಟ್ಟು ದಿನ ಬಂದ್ರು. ಈಗ ನನ್ನ ಮನೆ ಇನ್ನೊಂದು ಕೀ ಅವ್ರ ಹತ್ರ ಇದೆ, ಅವ್ರ ಮನೇದು ನನ್ನ ಹತ್ರ. ಗ್ರೂಪ್ ಇನ್ನೂ ಮ್ಯೂಟೇ, ಅದು ಬೇರೆ ಮಾತು.

ಹಾಗಾಗಿ ನೀವು ಬಂದ ಮೊದಲ ತಿಂಗಳಲ್ಲೇ, ಏನೂ ಆಗೋಕೆ ಮುಂಚೆನೇ, ಇದೇ ಊರಲ್ಲಿರೋ ಒಬ್ರನ್ನ ಹಿಡಿದು "ತುರ್ತಿಗೆ ನಿಮ್ಮ ಹೆಸರು ಬರೀಲಾ" ಅಂತ ಕೇಳ್ಬಿಡಿ, ಒಂದು ಕೀ ಕೊಡಿ. ಕನ್ನಡದವ್ರೇ ಆಗ್ಬೇಕು ಅಂತೇನಿಲ್ಲ, ಕ್ಲಾಸ್‌ಮೇಟೋ ಪಕ್ಕದ ಮನೆಯವ್ರೋ ಆದ್ರೂ ಸರಿ. ಕೇಳೋಕೆ ಮುಜುಗರ ಆಗತ್ತೆ, ಆದ್ರೂ ಕೇಳಿ. ಅಮ್ಮಂಗೆ ಅವ್ರ ಫೋನ್ ನಂಬರ್ ಕೊಟ್ಟು ಬನ್ನಿ, ನಮ್ಮಮ್ಮ ಈಗ ನನಗಿಂತ ಆಂಟಿ ಹತ್ರನೇ ಜಾಸ್ತಿ ಮಾತಾಡ್ತಾಳೆ.

ಯಾವ ಊರಿಗೆ ಬರ್ತಿದೀರ ಅಂತ ಬರೆದಿಲ್ಲ ನೀವು. ಹ್ಯಾನೋವರ್ ಕಡೆ ಆದ್ರೆ ಕಾಮೆಂಟಲ್ಲಿ ಹೇಳಿ. ಮತ್ತೆ ಶೂ ಅಲ್ಲಿಂದ ತರ್ಬೇಡಿ, ಇಲ್ಲೇ ತಗೊಳ್ಳಿ, ಆ ಐಸ್ ಮೇಲೆ ನಮ್ಮೂರಿನ ಶೂ ನಿಲ್ಲಲ್ಲ.