ಮಳೆ ಲೆಕ್ಕದ ಮನೆಯಲ್ಲಿ ತೆರೆಯದ ಪಾಸ್‌ಬುಕ್

ಕಳೆದ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ವಾರದಲ್ಲಿ, ಮಡಿಕೇರಿಯ ನನ್ನ ಆಪ್ತಸಲಹಾ ಕೊಠಡಿಗೆ ಸೋಮವಾರಪೇಟೆ ಕಡೆಯ 28 ವರ್ಷದ ಯುವತಿಯೊಬ್ಬರು ಬಂದರು. ಅವರು ಡಿಜಿಟಲ್ ಚಿತ್ರಕಲಾವಿದೆ. ಮನೆಯಲ್ಲೇ ಕುಳಿತು ಮಕ್ಕಳ ಪುಸ್ತಕಗಳಿಗೂ ಕಲಿಕಾ ಸಾಮಗ್ರಿಗೂ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆದು ಬೆಂಗಳೂರಿಗೆ ಕಳುಹಿಸುತ್ತಾರೆ. ತಂದೆಗೆ ಸಣ್ಣದೊಂದು ಅರೇಬಿಕಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಸ್ವಲ್ಪ ಗದ್ದೆ ಇದೆ. ಇದನ್ನು ಬರೆಯಲು ತಂದೆ ಮಗಳಿಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ತೊಂದರೆಯ ಸ್ವರೂಪವನ್ನೂ, ಕೊಟ್ಟ ಸಲಹೆಯನ್ನೂ, ಆರಂಭದಲ್ಲಿ ನಾನು ಮಾಡಿದ ತಪ್ಪನ್ನೂ ಬದಲಿಸಿಲ್ಲ.

ಕುಳಿತ ಕೂಡಲೇ ಅವರು ಹೇಳಿದ್ದು, “ಮೇಡಂ, ನನಗೆ ಕುತೂಹಲದ ಕಾಯಿಲೆ ಇದೆ ಅನ್ನಿಸುತ್ತೆ.” ಹಾಗೆಂದರೇನು ಎಂದು ಕೇಳಿದಾಗ ಹಿಂದಿನ ವಾರದ ಒಂದು ರಾತ್ರಿಯನ್ನು ವಿವರಿಸಿದರು. ಮಿಂಚುಹುಳುಗಳು ತುಂಬಿದ ಕಾಡಿನ ಒಂದು ಪುಟವನ್ನು ಮರುದಿನ ಬೆಳಿಗ್ಗೆ ಕಳುಹಿಸಬೇಕಿತ್ತು. ರಾತ್ರಿ ಒಂಬತ್ತಕ್ಕೆ ಒಂದು ಮರ ಬರೆದು ಮುಗಿಸುವಷ್ಟರಲ್ಲಿ ಆ ಬೆಳಕಿಗೆ ಬಿಸಿ ಯಾಕಿಲ್ಲ ಎಂಬ ಪ್ರಶ್ನೆ ಹುಟ್ಟಿತು. ಲೂಸಿಫೆರಿನ್ ಎಂಬ ವಸ್ತುವು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರಿದಾಗ ಹುಳುವಿನ ಹೊಟ್ಟೆಯಲ್ಲಿ ಬೆಳಕು ಹೊಮ್ಮುತ್ತದೆ ಎಂದು ಓದಿದರು. ಅಲ್ಲಿಂದ ಎಲ್‌ಇಡಿ ದೀಪಕ್ಕೆ, ನೀಲಿ ಎಲ್‌ಇಡಿ ಕಂಡುಹಿಡಿದು 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಿಗೆ, ಅಲ್ಲಿಂದ ಪೇಟೆಂಟಿನ ಹಣ ಯಾರಿಗೆ ಸೇರುತ್ತದೆ ಎಂಬಲ್ಲಿಗೆ, ಕೊನೆಗೆ ರಿಸರ್ವ್ ಬ್ಯಾಂಕು ನೋಟು ಅಚ್ಚು ಹಾಕಿಸುವ ಕ್ರಮಕ್ಕೆ ಬಂದು ನಿಂತಾಗ ಬೆಳಗಿನ ಜಾವ ಮೂರು ಗಂಟೆಯಾಗಿತ್ತು. ಪುಟದಲ್ಲಿ ಆ ಒಂದೇ ಮರವಿತ್ತು. ಬೆಳಿಗ್ಗೆ ಅಪ್ಪ, “ಊರ ಉಸಾಬರಿಯೆಲ್ಲ ನಿನಗ್ಯಾಕವ್ವಾ, ಕೈಯಲ್ಲಿರೋ ಕೆಲಸ ಮುಗಿಸು” ಎಂದರಂತೆ. ಆ ಮಾತು ಸರಿ ಎಂದು ಅವರಿಗೇ ಅನ್ನಿಸಿದ್ದರಿಂದ ಹೆಚ್ಚು ನೋವಾಗಿತ್ತು.

ಇಂತಹ ದೂರು ಬಂದಾಗ ಮೊದಲು ನೋಡಬೇಕಾದವು ಕೆಲವಿವೆ. ನಿದ್ರೆ ಕಡಿಮೆಯಾದರೂ ದಣಿವಾಗದೆ ಮನಸ್ಸು ಅತಿಯಾಗಿ ಉಬ್ಬುವ ದಿನಗಳಿವೆಯೇ, ಖಿನ್ನತೆ ಇದೆಯೇ, ಗಮನ ಚದುರುವುದು ಚಿಕ್ಕಂದಿನಿಂದ ಬಂದದ್ದೇ ಎಂದು ಕೇಳಬೇಕು. ಗಮನದ ಕೊರತೆಯ ತೊಂದರೆಯೆಂದು ಹೇಳಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಇವರ ಶಾಲಾ ದಿನಗಳಲ್ಲಿ ಅಂಥದ್ದೇನೂ ಇರಲಿಲ್ಲ. ಆದರೂ ಒಬ್ಬ ಮನೋವೈದ್ಯರನ್ನು ಕಾಣಲು ಹೇಳಿದೆ. ಔಷಧಿಯ ಅಗತ್ಯವಿಲ್ಲ ಎಂದು ಅವರು ಬರೆದುಕೊಟ್ಟರು.

ಅನಂತರ ನಾನು ತಪ್ಪು ಮಾಡಿದೆ. ದೂರನ್ನು ಅವರು ಹೇಳಿದ ರೂಪದಲ್ಲೇ ಒಪ್ಪಿಕೊಂಡು ಕುತೂಹಲಕ್ಕೆ ಬೇಲಿ ಹಾಕುವ ಸಲಹೆ ಕೊಟ್ಟೆ: ಕೆಲಸದ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ, ಪ್ರಶ್ನೆಗಳಿಗೆ ಸಂಜೆ ಅರ್ಧ ಗಂಟೆ ಮಾತ್ರ, ರಾತ್ರಿ ಹನ್ನೊಂದಕ್ಕೆ ಮಲಗುವುದು. ಅವರು ಎರಡು ವಾರ ಅದನ್ನು ಚಾಚೂ ತಪ್ಪದೆ ಪಾಲಿಸಿ ಬಂದರು. ಒಪ್ಪಿಕೊಂಡ ಪುಟಗಳು ಮುಗಿದಿದ್ದವು. ಅವುಗಳನ್ನು ನನ್ನ ಮುಂದಿಟ್ಟು, “ಮುಗಿದಿವೆ ಮೇಡಂ, ಆದರೆ ಇವುಗಳಲ್ಲಿ ಜೀವ ಇಲ್ಲ” ಎಂದರು. ಚಿತ್ರಕಲೆಯ ಪರಿಣತಿ ಇಲ್ಲದ ನನಗೂ ಅದು ಕಾಣಿಸಿತು. ಹಿಂದಿನ ಒಂದು ಚಿತ್ರದಲ್ಲಿ ಪುಷ್ಪಗಿರಿಯ ಸಾಲು ಹಿಂದೆ ಹಿಂದೆ ಸರಿದಂತೆ ನೀಲಿಯಾಗುತ್ತ ಹೋಗಿ ಕೊನೆಗೆ ಆಕಾಶದಲ್ಲಿ ಕರಗಿತ್ತು. ಕಣ್ಣಿಗೂ ಬೆಟ್ಟಕ್ಕೂ ನಡುವಿನ ಗಾಳಿಯು ಕಡಿಮೆ ತರಂಗಾಂತರದ ನೀಲಿಯನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚದುರಿಸುತ್ತದೆ ಎಂಬುದನ್ನು ಒಂದು ರಾತ್ರಿ ಓದಿ ತಿಳಿದ ಮೇಲೆ ಅದನ್ನು ಬರೆದಿದ್ದರು. ಇನ್ನೊಮ್ಮೆ, ಗದ್ದೆಯ ಎಳೆ ಹಸಿರು ಅಚ್ಚಿನಲ್ಲಿ ಮಂಕಾಗಿ ಬಂತೆಂದು ಪ್ರಕಾಶಕರು ದೂರಿದಾಗ, ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಮಾಡುತ್ತದೆ, ಅಚ್ಚಿನ ಶಾಯಿಯು ಕಾಗದದ ಮೇಲೆ ಬಿದ್ದ ಬೆಳಕಿನಿಂದ ಕೆಲವು ಬಣ್ಣಗಳನ್ನು ಹೀರಿ ಉಳಿದದ್ದನ್ನು ತೋರಿಸುತ್ತದೆ, ಆದ್ದರಿಂದ ಪರದೆಯ ಕೆಲವು ಹೊಳೆಯುವ ಹಸಿರುಗಳು ಶಾಯಿಗೆ ಎಟುಕುವುದಿಲ್ಲ ಎಂದು ಅವರೇ ವಿವರಿಸಿ, ಅಚ್ಚಿಗೆ ಹೊಂದುವ ಬಣ್ಣಗಳಲ್ಲಿ ಪುಟವನ್ನು ಮತ್ತೆ ಸಿದ್ಧಪಡಿಸಿದ್ದರು. ಚಿತ್ರಕ್ಕೆ ಜೀವ ಕೊಡುತ್ತಿದ್ದ ನೀರಿನ ಕಣ್ಣನ್ನೇ ನಾನು ಮುಚ್ಚಿಸಿದ್ದೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಬರ್ಲೈನ್ ಕಳೆದ ಶತಮಾನದ ಮಧ್ಯಭಾಗದಲ್ಲೇ ಕುತೂಹಲದಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದರು: ಬೇಸರ ಕಳೆಯಲು ಏನಾದರೂ ಹೊಸದನ್ನು ಹುಡುಕುವ ಅಲೆದಾಟ ಒಂದು, ನಿರ್ದಿಷ್ಟವಾಗಿ ಒಂದನ್ನು ತಿಳಿಯಲೇಬೇಕೆಂಬ ಹಂಬಲ ಇನ್ನೊಂದು. ಇವರಲ್ಲಿ ಎರಡೂ ಇದ್ದವು, ಎರಡೂ ಕೆಲಸಕ್ಕೆ ಬರುತ್ತಿದ್ದವು. ಹಾಗಾದರೆ ಕೆಲವು ರಾತ್ರಿಗಳು ಮಾತ್ರ ಕೈಬಿಟ್ಟು ಹೋಗುವುದೇಕೆ? ಬೇಲಿಯನ್ನೆಲ್ಲ ತೆಗೆದುಹಾಕಿ, ಮುಂದಿನ ಎರಡು ವಾರ ಓದು ತಡರಾತ್ರಿಗೆ ಮುಂದುವರಿದಾಗಲೆಲ್ಲ ಆ ದಿನ ಹಗಲು ಏನು ನಡೆಯಿತು ಎಂಬುದನ್ನು ಮಾತ್ರ ಬರೆದು ತರಲು ಹೇಳಿದೆ.

ಐದು ರಾತ್ರಿಗಳು ಹಾಗೆ ಕಳೆದಿದ್ದವು. ಅವುಗಳಲ್ಲಿ ನಾಲ್ಕರ ಹಗಲಿನಲ್ಲಿ ಹಣದ ವಿಷಯವೊಂದು ಎದುರಾಗಿತ್ತು: ಒಮ್ಮೆ ಬಿಲ್ ಕಳುಹಿಸಬೇಕಿತ್ತು, ಒಮ್ಮೆ ಬ್ಯಾಂಕಿನಿಂದ ಸಂದೇಶ ಬಂದಿತ್ತು, ಎರಡು ಸಲ ಹೊಸ ಕೆಲಸಕ್ಕೆ ದರ ಹೇಳಬೇಕಿತ್ತು. ಅವರು ಇದನ್ನು ಗಮನಿಸಿರಲಿಲ್ಲ. ಅದೇ ದಿನ ಅವರು ನೀಲಿ ಎಲ್‌ಇಡಿಯ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದ್ದರು. ಆ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಶೂಜಿ ನಕಾಮುರಾ ಅವರಿಗೆ ಆ ಆವಿಷ್ಕಾರಕ್ಕಾಗಿ ಅವರ ಕಂಪನಿ ಮೊದಲು ಕೊಟ್ಟದ್ದು 20,000 ಯೆನ್, ಅವರು ದಾವೆ ಹೂಡಿದ ಮೇಲೆ 2005ರಲ್ಲಿ ಆದ ರಾಜಿಯಲ್ಲಿ ದೊರೆತದ್ದು ಸುಮಾರು 84 ಕೋಟಿ ಯೆನ್. ಅಂಕಿಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ನಾನು ಮೆಲ್ಲಗೆ, “ನಿಮಗೆ ಈಗ ಬರಬೇಕಾಗಿರುವುದು ಎಷ್ಟು?” ಎಂದು ಕೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, “ಗೊತ್ತಿಲ್ಲ ಮೇಡಂ. ಪಾಸ್‌ಬುಕ್ ತೆರೆದು ಏಳು ತಿಂಗಳಾಯಿತು” ಎಂದರು.

ಜಗತ್ತಿನ ಎಲ್ಲ ಬಾಗಿಲುಗಳನ್ನೂ ತಟ್ಟುವ ಕುತೂಹಲವು ತನ್ನದೇ ಮನೆಯ ಒಂದು ಬಾಗಿಲಿನ ಮುಂದೆ ನಿಂತುಬಿಟ್ಟಿತ್ತು. ಕುತೂಹಲ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕಾಗಿದ್ದ ನಾನು ಅದು ಎಲ್ಲಿ ಓಡುತ್ತದೆ ಎಂಬುದನ್ನಷ್ಟೇ ನೋಡಿದ್ದೆ. ಜಾರ್ಜ್ ಲೋವನ್‌ಸ್ಟೀನ್ ಎಂಬ ವಿದ್ವಾಂಸರು 1994ರಲ್ಲಿ, ತನಗೆ ತಿಳಿದದ್ದಕ್ಕೂ ತಿಳಿಯಬಯಸುವುದಕ್ಕೂ ನಡುವೆ ಕಾಣುವ ಅಂತರವೇ ಕುತೂಹಲವನ್ನು ಹುಟ್ಟಿಸುತ್ತದೆ ಎಂದು ವಾದಿಸಿದರು. ಅವರೇ 2009ರಲ್ಲಿ ಇನ್ನಿಬ್ಬರೊಡನೆ ಸೇರಿ, ಷೇರು ಮಾರುಕಟ್ಟೆ ಕುಸಿದಾಗ ಹೂಡಿಕೆದಾರರು ತಮ್ಮ ಖಾತೆಯನ್ನು ನೋಡುವುದನ್ನೇ ಕಡಿಮೆ ಮಾಡುತ್ತಾರೆ ಎಂದು ತೋರಿಸಿದರು. ಕೆಟ್ಟ ಸುದ್ದಿ ಇರಬಹುದೆಂಬ ಅಂಜಿಕೆ ಇದ್ದಲ್ಲಿ ಅಂತರ ಎಷ್ಟೇ ದೊಡ್ಡದಿದ್ದರೂ ಮನಸ್ಸು ಅತ್ತ ತಿರುಗುವುದಿಲ್ಲ. ಇದನ್ನು ಆ ಯುವತಿಗೆ ವಿವರಿಸಿದಾಗ, ನಿರೀಕ್ಷಿಸಿದಂತೆಯೇ, ಆ ಅಧ್ಯಯನದ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಆಮೇಲೆ ತಾವೇ ನಿಲ್ಲಿಸಿ, “ಈಗಲೂ ಅದನ್ನೇ ಮಾಡ್ತಾ ಇದ್ದೀನಲ್ಲ” ಎಂದರು.

ಅಂಜಿಕೆಯ ಬೇರು ತಿಳಿಯಲು ಕಷ್ಟವಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಇವರ ತೋಟದ ಒಂದು ಅಂಚೂ ಹೋಗಿತ್ತು. ಕಾಲೇಜಿನಿಂದ ಮನೆಗೆ ಬಂದಿದ್ದ ಇವರು ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಸಾಲದ ಮೊತ್ತವನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳುವುದನ್ನು ಕೇಳಿಸಿಕೊಂಡಿದ್ದರು. ಮನೆಯಲ್ಲಿ ಯಾರೂ ಆ ವಿಷಯವನ್ನು ಅವರೆದುರು ಎತ್ತಲಿಲ್ಲ. ಮಕ್ಕಳ ಮನಸ್ಸಿಗೆ ನೋವಾಗಬಾರದೆಂದು ಹಿರಿಯರು ಮಾಡುವ ಇಂತಹ ಮೌನವನ್ನು ಈ ಜಿಲ್ಲೆಯ ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅದರ ಹಿಂದಿನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಹಣವೆಂದರೆ ಬಾಗಿಲು ಹಾಕಿಕೊಂಡು ಆಡುವ ಮಾತು ಎಂಬ ಪಾಠವನ್ನು ಅದು ಕಲಿಸಿಬಿಡುತ್ತದೆ.

ಇದಕ್ಕೆ ಒಂದು ತತ್ತ್ವದ ಆಸರೆಯೂ ಇತ್ತು. ಹಣದ ಮಾತು ಬಂದರೆ ಕಲೆ ಕೆಡುತ್ತದೆ ಎಂದು ಅವರು ನಂಬಿದ್ದರು, ಅದಕ್ಕೆ ಆಧಾರವಾಗಿ 1973ರ ಒಂದು ಪ್ರಯೋಗವನ್ನು ಮುಂದಿಟ್ಟರು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬರೆಯುವುದರಲ್ಲಿ ಆಗಲೇ ಆಸಕ್ತಿಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದರು; ಅಂಥವರು ಮುಂದೆ ಬಿಡುವಿನ ಹೊತ್ತಿನಲ್ಲಿ ಬರೆಯುವುದು ಕಡಿಮೆಯಾಯಿತು. ಪ್ರಯೋಗ ನಿಜ, ಆದರೆ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೀರಿ ಎಂದು ಹೇಳಿದೆ. ಮುನ್ಸೂಚನೆ ಇಲ್ಲದೆ ಅದೇ ಬಹುಮಾನ ಪಡೆದ ಮಕ್ಕಳಲ್ಲಿ ಆಸಕ್ತಿ ಕುಗ್ಗಲಿಲ್ಲ. ಆಟವಾಡುತ್ತಿದ್ದ ಮಗುವಿಗೆ ಆಮಿಷ ತೋರಿಸುವುದಕ್ಕೂ, ಒಪ್ಪಿ ಮಾಡಿಕೊಟ್ಟ ಕೆಲಸದ ಸಂಭಾವನೆಯನ್ನು ವಯಸ್ಕರೊಬ್ಬರು ಕೇಳುವುದಕ್ಕೂ ಹೋಲಿಕೆಯಿಲ್ಲ. ಅಲ್ಲದೆ ಕೇಳದೇ ಇದ್ದುದರಿಂದ ಹಣದ ಯೋಚನೆ ಅವರ ತಲೆಯಿಂದ ಹೋಗಿರಲಿಲ್ಲ, ರಾತ್ರಿಯ ನಿದ್ರೆ ಮಾತ್ರ ಹೋಗಿತ್ತು.

ನಾಲ್ಕನೆಯ ಭೇಟಿಗೆ ತಂದೆಯನ್ನೂ ಕರೆದುಕೊಂಡು ಬರಲು ಹೇಳಿದ್ದೆ. ಅವರು ಮಿತಭಾಷಿ. ಮಾತಿಗೆ ಎಳೆಯಲೆಂದು ಈ ವರ್ಷ ಮಳೆ ಹೇಗೆ ಎಂದು ಕೇಳಿದಾಗ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು, “ನಿನ್ನೆ 2 ಇಂಚು 40 ಸೆಂಟು” ಎಂದು ಓದಿದರು. ತೋಟಗಾರರಲ್ಲಿ ಅನೇಕರಂತೆ ಅವರೂ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು) ಬರೆದಿಡುತ್ತಾರೆ. 2018ರ ಆಗಸ್ಟ್‌ನಲ್ಲೂ ಬರೆದಿದ್ದಿರಾ ಎಂದು ಕೇಳಿದೆ. “ಬರೆಯೋದು ಬಿಟ್ರೆ ಮಳೆ ನಿಲ್ಲುತ್ತಾ ಮೇಡಂ?” ಎಂದರು. ಮಗಳು ತಲೆ ತಗ್ಗಿಸಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತಂದೆ, ಯಾರೂ ಕೇಳದೆಯೇ, ಆ ವರ್ಷದ ಸಾಲ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ಮಗಳಿಗೆ ಮೊದಲ ಬಾರಿಗೆ ಹೇಳಿದರು. ಮಗಳು ಏಳು ವರ್ಷ ಕಲ್ಪಿಸಿಕೊಂಡು ಅಂಜಿದ್ದ ಮೊತ್ತಕ್ಕಿಂತ ಅದು ಬಹಳ ಕಡಿಮೆಯಿತ್ತು.

ನಾನು ಕೊಟ್ಟ ಮುಖ್ಯ ಸಲಹೆ ಹುಟ್ಟಿದ್ದು ಆ ಪುಸ್ತಕದಿಂದ. ದಿನವೂ ಬೆಳಿಗ್ಗೆ ಅಪ್ಪ ಮಳೆಮಾಪಕ ನೋಡುವ ಹೊತ್ತಿಗೆ ನೀವು ಖಾತೆ ತೆರೆಯಿರಿ. ಇರುವ ಮೊತ್ತ, ಬಂದದ್ದು, ಹೋದದ್ದು, ಬರಬೇಕಾದದ್ದು, ಈ ನಾಲ್ಕು ಅಂಕಿಗಳನ್ನು ಬರೆದು ಪುಸ್ತಕ ಮುಚ್ಚಿರಿ. ಒಳ್ಳೆಯದು, ಕೆಟ್ಟದ್ದು ಎಂದಾಗಲಿ, ಇನ್ನು ಮುಂದೆ ಹೀಗೆ ಮಾಡುತ್ತೇನೆ ಎಂದಾಗಲಿ ಒಂದಕ್ಷರವನ್ನೂ ಬರೆಯಬೇಡಿ ಎಂದೆ. ಮಳೆ ಹೆಚ್ಚಾಯಿತೆಂದು ಅಳತೆಯ ಪಾತ್ರೆಯನ್ನು ಯಾರೂ ಬೈಯುವುದಿಲ್ಲ. ಅಂಕಿಯನ್ನು ನೋಡುವುದನ್ನೂ ಅಂಕಿಯ ಬಗ್ಗೆ ಏನಾದರೂ ಮಾಡುವುದನ್ನೂ ಬೇರ್ಪಡಿಸಿದರೆ ನೋಡುವ ಕಷ್ಟ ಅರ್ಧ ಇಳಿಯುತ್ತದೆ. ಮಾಡುವ ಕೆಲಸಕ್ಕೆ ವಾರಕ್ಕೊಂದು ದಿನ ಗೊತ್ತುಮಾಡಿದೆವು. ಅವರು ಶನಿವಾರಸಂತೆ ಎಂಬ ಊರಿನ ಸಂತೆ ದಿನವನ್ನೇ ಆರಿಸಿಕೊಂಡರು. ರಾತ್ರಿಯ ಓದಿಗೆ ಯಾವ ಮಿತಿಯನ್ನೂ ಹಾಕಲಿಲ್ಲ. ಓದಲು ಕುಳಿತಾಗ, ಇಂದು ಯಾವುದಾದರೂ ಬಿಲ್ ಬಾಕಿ ಇದೆಯೇ ಎಂದು ತಮ್ಮನ್ನೇ ಕೇಳಿಕೊಂಡು, ಇದ್ದರೆ ಅದನ್ನು ಕಳುಹಿಸಿ ಓದಿಗೆ ಮರಳಬೇಕೆಂದು ಮಾತ್ರ ಹೇಳಿದೆ.

ಕಾನೂನು ಮತ್ತು ತೆರಿಗೆ ನನ್ನ ಕ್ಷೇತ್ರವಲ್ಲ. ಆದರೂ ಈ ಕುತೂಹಲವನ್ನು ಅತ್ತ ತಿರುಗಿಸಿದರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ ಎನ್ನಿಸಿ, ವಕೀಲರನ್ನು ಕಾಣುವ ಮೊದಲು 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಮಿಂಚುಹುಳುವಿನ ಬಗ್ಗೆ ಓದಿದ ಹಾಗೆಯೇ ಓದಿ ಬರಲು ಹೇಳಿದೆ. ಅವರು ಓದಿ ಬಂದು ನನಗೇ ಪಾಠ ಹೇಳಿದರು. ಸಾಮಾನ್ಯವಾಗಿ ಕೃತಿ ರಚಿಸಿದವರೇ ಹಕ್ಕಿನ ಮೊದಲ ಒಡೆಯರು. ಆದರೆ 17ನೇ ಕಲಮಿನ ಪ್ರಕಾರ, ಬೇರೊಬ್ಬರು ಪ್ರತಿಫಲ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ವಿಷಯದಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಮೊದಲ ಒಡೆಯರಾಗುತ್ತಾರೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಸಹಿ ಇರಬೇಕು. 19ನೇ ಕಲಮಿನಂತೆ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ತಾವು ಬಾಯಿಮಾತಿನಲ್ಲಿ ಮಾಡಿಕೊಟ್ಟ ಕೆಲಸಗಳಲ್ಲಿ ಯಾವುದು ಯಾರದೆಂದು ವಕೀಲರನ್ನು ಕೇಳಬೇಕು, ಇನ್ನು ಮುಂದೆ ಗೆರೆ ಎಳೆಯುವ ಮೊದಲು ಒಂದು ಪುಟದ ಒಪ್ಪಂದ ಬೇಕು ಎಂದು ಅವರೇ ತೀರ್ಮಾನಿಸಿದರು. ಸಂಭಾವನೆಯಿಂದ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತಿದ್ದುದು, ರಿಟರ್ನ್ ಸಲ್ಲಿಸಿದರೆ ತಮ್ಮಷ್ಟು ಆದಾಯದವರಿಗೆ ಅದು ಹಿಂದಿರುಗುವುದು ಸಹ ಕುಶಾಲನಗರದ ಒಬ್ಬ ಆಡಿಟರ್ ಬಳಿ ಹೋದಾಗ ತಿಳಿಯಿತು. ಒಂದು ವರ್ಷದ ರಿಟರ್ನ್ ಸಲ್ಲಿಸುವ ಅವಧಿ ಮೀರಿಹೋಗಿತ್ತು. ಅದಕ್ಕೆ ಅವರು ಅತ್ತರು, ನಾನು ತಡೆಯಲಿಲ್ಲ.

ಬರಬೇಕಾದ ಮೊತ್ತ ಮೂರು ಕಡೆಯಿಂದ ಒಟ್ಟು 1,86,000 ರೂಪಾಯಿ ಎಂದು ಸೆಪ್ಟೆಂಬರ್ ಹೊತ್ತಿಗೆ ಲೆಕ್ಕ ಸಿಕ್ಕಿತು. ಇಬ್ಬರು ಒಂದೇ ಪತ್ರಕ್ಕೆ ಹಣ ಕಳುಹಿಸಿದರು, ಒಬ್ಬರಂತೂ ಬಿಲ್ ಬಾರದ್ದರಿಂದ ತಡವಾಯಿತೆಂದು ಕ್ಷಮೆ ಕೋರಿದರು. ಮೂರನೆಯವರು ಇನ್ನೂ ಉತ್ತರಿಸಿಲ್ಲ. ವಕೀಲರ ಮೂಲಕ ನೋಟಿಸ್ ಹೋಗಿದೆ. ತಡರಾತ್ರಿಯ ಓದು ನಿಂತಿಲ್ಲ, ಆದರೆ ಅದು ಬಿಲ್ಲಿನ ದಿನಗಳಲ್ಲೇ ಬರುವುದು ನಿಂತಿದೆ. ನವೆಂಬರ್‌ನ ಭೇಟಿಗೆ ಬರುವಾಗ ಅವರು ತಮ್ಮ ಲೆಕ್ಕದ ಪುಸ್ತಕವನ್ನೂ, ತೋಟದ ಕೆಂಪು ಹಣ್ಣುಗಳ ಒಂದು ಚಿತ್ರವನ್ನೂ ತಂದಿದ್ದರು. ಹಣ್ಣಾಗುವಾಗ ಹಸಿರು ಎಲ್ಲಿಗೆ ಹೋಗುತ್ತದೆ ಎಂದು ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿದ್ದರಂತೆ. ಕೊಯ್ಲು ಶುರುವಾಗಿರುವುದರಿಂದ ಮುಂದಿನ ಭೇಟಿಯನ್ನು ಫೆಬ್ರವರಿಗೆ ಇಟ್ಟುಕೊಂಡಿದ್ದೇವೆ. ಅಂದು ಅಮ್ಮನೂ ಜೊತೆಗೆ ಬರುತ್ತಾರೆ.