ನಾವು ಸರ್ಕಾರಿ ಆಫೀಸ್ ಅಲ್ವಲ್ಲ, ಆರ್‌ಟಿಐಗೆ ಉತ್ತರ ಕೊಡ್ಬೇಕಾ?

ಪ್ರಶ್ನೆ: ಮೇಡಂ, ನಮ್ದು ರಿಜಿಸ್ಟರ್ ಆಗಿರೋ ಸಣ್ಣ ಸಂಘ, ಹೆಣ್ಮಕ್ಕಳಿಗೆ ಹೊಲಿಗೆ ಕಲಿಸ್ತೀವಿ. ಕೇಂದ್ರದ ಒಂದು ಇಲಾಖೆಯಿಂದ ಅನುದಾನ ಬಂದಿತ್ತು, ಮಷಿನ್ ತಗೊಂಡ್ವಿ, ಟ್ರೇನಿಂಗೂ ಮುಗೀತು. ಈಗ ಊರಿನವರೊಬ್ರು ಬಿಲ್ಲು, ಹಾಜರಿ ಎಲ್ಲಾ ಕೊಡಿ ಅಂತ ಆರ್‌ಟಿಐ ಅರ್ಜಿ ಹಾಕಿದಾರೆ. ಕೊಡ್ಲೇಬೇಕಾ? ಆಮೇಲೆ, ಆ ಮಷಿನ್ ಮಾರಿ ಬೇರೆ ತಗೋಬಹುದಾ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಸರ್ಕಾರಿ ಆಫೀಸ್ ಅಲ್ಲ ಅಂದ್ಬಿಟ್ರೆ ಮುಗಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಚ್) ಪ್ರಕಾರ ಸರ್ಕಾರದ ದುಡ್ಡು ಗಣನೀಯವಾಗಿ ಬರೋ ಸಂಘ ಸಂಸ್ಥೆನೂ ಸಾರ್ವಜನಿಕ ಪ್ರಾಧಿಕಾರನೇ (ಅಂದ್ರೆ ಆರ್‌ಟಿಐಗೆ ಉತ್ತರ ಕೊಡ್ಬೇಕಾದ ಸಂಸ್ಥೆ), ಮತ್ತೆ ಗಣನೀಯ ಅಂದ್ರೆ ಅರ್ಧಕ್ಕಿಂತ ಜಾಸ್ತಿನೇ ಇರ್ಬೇಕು ಅಂತೇನಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಡಿಎವಿ ಕಾಲೇಜ್ ಟ್ರಸ್ಟ್ ಕೇಸಲ್ಲಿ ಹೇಳಿದೆ. ನಿಮ್ಮ ಪಾಸ್‌ಬುಕ್ ತೆಗೆದು ನೋಡಿ, ಸಂಘ ನಡೀತಿರೋದೇ ಅನುದಾನದ ಮೇಲೆ ಅಂತಾದ್ರೆ ನೀವು ಕಾಯ್ದೆ ಒಳಗೇ ಬರ್ತೀರಿ, ಮಾಹಿತಿ ಅಧಿಕಾರಿನ್ನೂ ನೇಮಿಸ್ಬೇಕು. ಒಂದ್ಸಲ ಬಂದ ಸಣ್ಣ ಮೊತ್ತ ಅಷ್ಟೇ ಆದ್ರೆ ಬರದೇನೂ ಇರಬಹುದು, ಆದ್ರೆ ನೀವು ಕೊಟ್ಟ ಬಳಕೆ ಪ್ರಮಾಣಪತ್ರ (ಅನುದಾನನ ಕೊಟ್ಟ ಉದ್ದೇಶಕ್ಕೇ ಖರ್ಚು ಮಾಡಿದೀವಿ ಅಂತ ಬರೆದುಕೊಡೋ ಪತ್ರ), ಆಡಿಟ್ ವರದಿ ಇಲಾಖೆ ಫೈಲಲ್ಲಿ ಇದ್ದೇ ಇರುತ್ತಲ್ಲ, ಅರ್ಜಿದಾರರು ಅದನ್ನ ಅಲ್ಲಿಂದನೇ ಕೇಳಿ ತಗೋಬಹುದು.

ನನ್ನ ಮಾತು ಕೇಳೋದಾದ್ರೆ ಬಿಲ್ಲು, ಲೆಕ್ಕ ಎಲ್ಲಾ ನೀವೇ ಕೊಟ್ಬಿಡಿ. ಕೆಲ್ಸ ನಿಜವಾಗ್ಲೂ ಮಾಡಿದೀರಿ, ಹೆಣ್ಮಕ್ಕಳ ಸಹಿ ಇರೋ ಹಾಜರಿ ಪುಸ್ತಕ ಇದೆ, ಊರಿಗೆ ತೋರಿಸೋಕೆ ಯಾಕೆ ಹೆದರ್ಬೇಕು? ಆದ್ರೆ ಆ ಹೆಣ್ಮಕ್ಕಳ ಫೋನ್ ನಂಬರ್, ಆಧಾರ್, ಬ್ಯಾಂಕ್ ಖಾತೆ ಮಾತ್ರ ಯಾರಿಗೂ ಕೊಡ್ಬೇಡಿ, ಜೆರಾಕ್ಸ್ ಮಾಡೋ ಮುಂಚೆ ಮುಚ್ಚಿ. ವೈಯಕ್ತಿಕ ಮಾಹಿತಿಗೆ ಸೆಕ್ಷನ್ 8(1)(ಜೆ) ರಕ್ಷಣೆ ಇದೆ.

ಮಷಿನ್ ವಿಷಯ ಇನ್ನೂ ಸೂಕ್ಷ್ಮ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನದಲ್ಲಿ ತಗೊಂಡ ಆಸ್ತಿನ ಆ ಅನುದಾನ ಕೊಟ್ಟ ಇಲಾಖೆಯ ಒಪ್ಪಿಗೆ ಮೊದ್ಲೇ ಪಡೀದೆ ಮಾರೋ ಹಾಗಿಲ್ಲ. ಆಫೀಸರ್ ಫೋನಲ್ಲಿ ಆಯ್ತು ಅಂದ್ರೂ ಸಾಲಲ್ಲ, ಅವ್ರು ನಾಳೆ ವರ್ಗ ಆಗ್ತಾರೆ, ಪತ್ರ ಬರೆದು ಲಿಖಿತ ಉತ್ತರ ತಗೊಳ್ಳಿ. ತುಂಬಾ ಸಂಘಗಳು ಮರೆಯೋದು ಇನ್ನೊಂದಿದೆ: ಅನುದಾನದ ದುಡ್ಡು ಬ್ಯಾಂಕಲ್ಲಿದ್ದಾಗ ಬಂದ ಬಡ್ಡಿನೂ ಸರ್ಕಾರಕ್ಕೇ ವಾಪಸ್ ಕಟ್ಬೇಕು, ಬಳಕೆ ಪ್ರಮಾಣಪತ್ರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡ್ಬೇಕು. ಅದು ಬಾಕಿ ಇದ್ರೆ ಮಷಿನ್ ಪತ್ರಕ್ಕಿಂತ ಮೊದ್ಲು ಅದನ್ನ ಕಳಿಸಿ.