.22 (ಸುಮಾರು 0.22 ಇಂಚು ದಪ್ಪದ) ರೈಫಲ್ ಗುಂಡಿನ ತುದಿಯನ್ನು ಮನೆಯಲ್ಲೇ ಉಜ್ಜಿ ಚಪ್ಪಟೆ ಮಾಡಿದರೆ ಸಣ್ಣ ಬೇಟೆಗೆ ಉಪಯೋಗವಾಗುತ್ತಾ?

ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಗುರಿ ಕೆಡುತ್ತದೆ, ಕೈಗೂ ಅಪಾಯ.

ತುದಿ ಚಪ್ಪಟೆಯಾಗಿದ್ದರೆ ಮೆತ್ತನೆಯ ಸೀಸ ತಗುಲಿದ ಕೂಡಲೇ ಅಣಬೆಯಂತೆ ಅರಳುತ್ತದೆ, ಪ್ರಾಣಿ ಬೇಗ ಸಾಯುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಬ್ಯಾರಲ್ ಒಳಗಿನ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಮಾಮೂಲಿ .22 ರೈಫಲ್‌ನಲ್ಲಿ 16 ಇಂಚಿಗೆ ಒಂದು ಸುತ್ತು. ಅಂದರೆ ಸೆಕೆಂಡಿಗೆ ಸುಮಾರು 800 ಸುತ್ತು! ಇಡೀ ಗುಂಡಿನ ತೂಕವೇ ಎರಡೂವರೆ ಗ್ರಾಂ ಆಸುಪಾಸು. ಅರದಲ್ಲಿ ಉಜ್ಜುವಾಗ ಒಂದು ಬದಿ ಚೂರು ಹೆಚ್ಚು ಸವೆದರೂ ತೂಕ ಓರೆಯಾಗಿ ಗುಂಡು ತೂರಾಡುತ್ತದೆ. ತಲೆಗೆ ಇಟ್ಟ ಗುರಿ ಹೊಟ್ಟೆಗೆ ತಗುಲಿದರೆ ಮೊಲ ಗಾಯದಲ್ಲೇ ಓಡಿಹೋಗುತ್ತದೆ, ಅಲ್ವಾ?

ಇನ್ನೊಂದು, ಮಾಮೂಲಿ .22 ತೋಟಾ ರಿಮ್‌ಫೈರ್ ಬಗೆಯದು, ಅಂದರೆ ಕಿಡಿ ಹೊತ್ತಿಸುವ ಮದ್ದು ಇರುವುದು ತೋಟಾದ ಬುಡದ ಅಂಚಿನೊಳಗೆ, ಸುತ್ತಲೂ. ಇಕ್ಕಳದಲ್ಲಿ ಹಿಡಿದಾಗ ಆ ಅಂಚು ನಜ್ಜಾದರೆ ಕೈಯಲ್ಲೇ ಸಿಡಿಯಬಹುದು.

ಅರಳುವ ಗುಂಡೇ ಬೇಕಿದ್ದರೆ ಕಾರ್ಖಾನೆಯಲ್ಲೇ ತುದಿಗೆ ಕುಳಿ ಮಾಡಿದ ಹಾಲೋ ಪಾಯಿಂಟ್ ಸಿಗುತ್ತದೆ. ಸುಮ್ನೆ ಒಂದನ್ನೇ ನಂಬಬೇಡಿ, ಎರಡು ಮೂರು ಬಗೆ ತಂದು ಕಾಗದದ ಗುರಿಗೆ ಹೊಡೆದು ನೋಡಿ. ಒಂದೊಂದು ರೈಫಲ್‌ಗೆ ಒಂದೊಂದು ಒಗ್ಗುತ್ತದೆ.